ಹಸುಳೆಯ ಚಿತ್ರದಲ್ಲಿ ತಾಯಿ ಎಲ್ಲಿ?

ಕೂಸು ಹುಟ್ಟಿದ ಮನೆಗೆ ಹಿಂದಿನ ಕಾಲದಲ್ಲಿ ಮೊದಲು ಬರುತ್ತಿದ್ದವಳು ಸೂಲಗಿತ್ತಿ; ಬಳಿಕ ಜಾತಕ ಬರೆಯುವ ಜೋಯಿಸರು; ಅವರ ಹಿಂದೆ ಉಡಿದಾರ ಕಡಗಗಳ ಅಳತೆಗಾಗಿ ಅಕ್ಕಸಾಲಿಗ. ಈಗ ಆ ಪಂಕ್ತಿಗೆ ಛಾಯಾಚಿತ್ರಗಾರನೂ ಸೇರಿದ್ದಾನೆ. ನವಜಾತ ಶಿಶುಗಳ ಚಿತ್ರಗಳನ್ನು ತೆಗೆಯುವುದನ್ನೇ ಮುಖ್ಯ ವೃತ್ತಿಯಾಗಿ ಮಾಡಿಕೊಂಡವರು ನಮ್ಮ ದೊಡ್ಡ ಪಟ್ಟಣಗಳಲ್ಲಿ ಇಂದು ಹಲವರಿದ್ದಾರೆ. ಇದನ್ನು ಉಳ್ಳವರ ಷೋಕಿಯೆಂದು ಹಾಸ್ಯಮಾಡಿ ಬಿಡುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಹೆತ್ತವರು ತಮ್ಮ ಕೂಸಿನ ಮೊದಲ ದಿನಗಳ ಮುಖವನ್ನು ಹಿಡಿದಿಟ್ಟುಕೊಳ್ಳಬೇಕೆಂದು ಬಯಸುವುದು ಸಹಜವೂ ನ್ಯಾಯವೂ ಆದ ಆಸೆ. ಆದರೆ ಆ ಆಸೆಯನ್ನು ಪೂರೈಸುವ ರೀತಿಯಲ್ಲಿ ಎರಡು ದೋಷಗಳು ಬೆಳೆಯುತ್ತಿವೆ. ಒಂದರಿಂದ ಕೂಸಿನ ಕ್ಷೇಮಕ್ಕೆ ಕುಂದು. ಇನ್ನೊಂದರಿಂದ ಮನೆಯ ಚರಿತ್ರೆಗೆ ಕುಂದು. ಎರಡನ್ನೂ ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಛಾಯಾಚಿತ್ರಕಲೆಯು 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದಾಗ ಒಂದು ಚಿತ್ರ ಮೂಡಬೇಕಾದರೆ ನಿಮಿಷಗಟ್ಟಲೆ ಬೆಳಕು ಬೀಳಬೇಕಾಗಿತ್ತು. ಮುಂದೆ ಹಲವು ದಶಕಗಳ ಕಾಲ, ಅವಧಿಯು ಸೆಕೆಂಡುಗಳಿಗೆ ಇಳಿದ ಮೇಲೂ, ಕೂಸನ್ನು ಅಲುಗಾಡದಂತೆ ಕೂರಿಸುವುದು ಸುಲಭವಾಗಿರಲಿಲ್ಲ. ಆಗ ಇಂಗ್ಲೆಂಡು ಅಮೇರಿಕಗಳ ಚಿತ್ರಶಾಲೆಗಳಲ್ಲಿ ಒಂದು ವಿಚಿತ್ರ ಉಪಾಯ ಬಳಕೆಗೆ ಬಂದಿತು. ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ತಲೆಯಿಂದ ಪಾದದವರೆಗೆ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಕೂಸನ್ನಿಟ್ಟು ಚಿತ್ರ ತೆಗೆಯುತ್ತಿದ್ದರು. ಕೂಸು ಜೀವವಿಲ್ಲದ ಯಾವುದೋ ಪೀಠದ ಮೇಲೆ ಕುಳಿತಂತೆ ಕಾಣುತ್ತಿತ್ತು. ಆ ಪೀಠವೇ ಅದರ ತಾಯಿಯಾಗಿದ್ದಳು! ಅಂಥ ಚಿತ್ರಗಳು ಇಂದಿಗೂ ಸಂಗ್ರಾಹಕರ ಬಳಿ ಬೇಕಾದಷ್ಟಿವೆ. ಕೂಸಿನ ಹೊಟ್ಟೆಯನ್ನು ಬಳಸಿದ ಎರಡು ಕೈಗಳು ಮಾತ್ರ ಕೆಲವದರಲ್ಲಿ ಬಟ್ಟೆಯಿಂದ ಹೊರಗೆ ಕಾಣುತ್ತವೆ. ನೂರೈವತ್ತು ವರ್ಷಗಳ ಹಿಂದಿನ ಈ ಕಥೆಯನ್ನು ಇಲ್ಲಿ ಏಕೆ ಎತ್ತಿದೆವೆಂಬುದು ಮುಂದೆ ತಿಳಿದೀತು.

ನಮ್ಮ ದೇಶದಲ್ಲಿ ಬಾಣಂತಿಯ ಕೋಣೆಗೆ ಕ್ಯಾಮರಾ ಹೋಗುವ ಮಾತೇ ಬಹುಕಾಲ ಇರಲಿಲ್ಲ. ಪರದೆಯೊಳಗಿನ ಸ್ತ್ರೀಯರಿಗಾಗಿ ರಾಜಾ ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಚಿತ್ರಶಾಲೆಯನ್ನು ತೆರೆದು ಅದನ್ನು ಒಬ್ಬ ಮಹಿಳೆಯ ಕೈಗೆ ಒಪ್ಪಿಸಿದ್ದುಂಟು. ಅದು ಸಿರಿವಂತರ ಮಾತಾಯಿತು. ಮಧ್ಯಮವರ್ಗದ ಮನೆಗಳಿಗೆ ಕ್ಯಾಮರಾ ಹೊಕ್ಕದ್ದು ಸ್ವಾತಂತ್ರ್ಯ ಬಂದ ಮೇಲೆ. ಹನ್ನೆರಡು ಚಿತ್ರಗಳ ಸುರುಳಿಯನ್ನು ಹಾಕುವ ಆಗ್ಫಾ ಕ್ಲಿಕ್ ಪೆಟ್ಟಿಗೆಯನ್ನು ನೆರೆಹೊರೆಯವರಿಂದ ಎರವಲು ತಂದು, ಅಂಗಳದ ಬಿಸಿಲಿನಲ್ಲಿ ಕೂಸನ್ನು ಎತ್ತಿ ಹಿಡಿದು ಚಿತ್ರ ತೆಗೆಸಿಕೊಂಡ ನೆನಪು ನಮ್ಮ ವಾಚಕರಲ್ಲಿ ಅನೇಕ ಹಿರಿಯರಿಗೆ ಇದ್ದೀತು. ಫಿಲ್ಮಿಗಾಗಿ ಪರದೇಶದ ಕಡೆಗೆ ನೋಡುವುದು ತಪ್ಪಬೇಕೆಂದು 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು; ಅದರ ‘ಇಂದು’ ಹೆಸರಿನ ಫಿಲ್ಮು ಕಾಗದಗಳ ಮೇಲೆ ಎಷ್ಟೋ ಮನೆಗಳ ತೊಟ್ಟಿಲ ಶಾಸ್ತ್ರದ ಚಿತ್ರಗಳು ಮೂಡಿದವು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಹಳ್ಳಿಗಳಿಗೆ ಇಷ್ಟೂ ಒದಗಲಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 2018ರಲ್ಲಿ ತೀರಿಕೊಳ್ಳುವ ಮುನ್ನ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ್ದರೆಂದು ಪ್ರಸಿದ್ಧಿ. ಅವರ ಕೈಗೆ ಬಂದ ಆ ಕೂಸುಗಳಲ್ಲಿ ಎಷ್ಟಕ್ಕೆ ಹಸುಳೆತನದ ಒಂದು ಚಿತ್ರವಿದ್ದೀತು?

ಇಂದು ಆ ಬಡತನ ತೀರಿದೆ. ಅಂಗೈಯಗಲದ ಫೋನಿನಲ್ಲಿ ಒಂದು ಗಂಟೆಯೊಳಗೆ ನೂರು ಚಿತ್ರ. ಆದರೆ ಆ ನೂರನ್ನು ತೆರೆದು ನೋಡಿರಿ, ತಾಯಿ ಎಲ್ಲಿದ್ದಾಳೆ? ಚಿತ್ರ ತೆಗೆಯುವವಳು ಅವಳೇ ಆದ್ದರಿಂದ ಚಿತ್ರದಲ್ಲಿ ಅವಳಿಲ್ಲ. ಬೇರೆಯವರು ತೆಗೆಯಬಂದರೆ “ಈ ವೇಷದಲ್ಲಿ ಬೇಡ” ಎಂದು ಅವಳೇ ಪಕ್ಕಕ್ಕೆ ಸರಿಯುತ್ತಾಳೆ, ಇಲ್ಲವೆ ಮನೆಯವರು ಸರಿಸುತ್ತಾರೆ. ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಕಟ್ಟಿ, ನಿದ್ದೆಗೆಟ್ಟ ಕಣ್ಣುಗಳಿಂದ ಕೂಸನ್ನು ನೋಡುತ್ತ ಕುಳಿತ ಬಾಣಂತಿಯ ಮುಖವು ಚಿತ್ರಕ್ಕೆ ಯೋಗ್ಯವಲ್ಲವೆಂದು ತೀರ್ಮಾನಿಸಿದವರು ಯಾರು? ಇಂಗ್ಲೆಂಡಿನವರು ಅಂದು ಬಟ್ಟೆ ಹೊದಿಸಿ ಮರೆಮಾಡಿದುದನ್ನು ನಾವು ಬಟ್ಟೆಯೇ ಇಲ್ಲದೆ ಮಾಡುತ್ತಿದ್ದೇವೆ. ಮೂವತ್ತು ವರ್ಷಗಳ ಮೇಲೆ ಆ ಕೂಸು ಬೆಳೆದು ಹುಡುಕುವುದು ತನ್ನ ಮುಖವನ್ನಲ್ಲ. ತನ್ನನ್ನು ಎತ್ತಿಕೊಂಡವಳ ಮುಖವನ್ನು. ಅದು ಆಗ ದೊರೆಯದಿದ್ದರೆ ಯಾವ ಹಣದಿಂದಲೂ ತರುವಂತಿಲ್ಲ.

ಇನ್ನು ವೃತ್ತಿಯವರ ಚಿತ್ರಗಳ ವಿಷಯ. ಆಸ್ಟ್ರೇಲಿಯದ ಆನ್ ಗೆಡ್ಡೆಸ್ ಎಂಬ ಮಹಿಳೆ ಹೂವು ಎಲೆಗಳ ವೇಷದ ಕೂಸುಗಳ ಚಿತ್ರಗಳನ್ನು 1996ರಲ್ಲಿ ಪುಸ್ತಕವಾಗಿ ಹೊರತಂದು ಲೋಕಪ್ರಸಿದ್ಧಳಾದಳು. ಅಂದಿನಿಂದ ಬುಟ್ಟಿ, ಬಕೆಟ್ಟು, ಹಕ್ಕಿಯ ಗೂಡು, ರೆಕ್ಕೆ, ಕಿರೀಟಗಳ ಸಾಮಗ್ರಿಯು ದೇಶದಿಂದ ದೇಶಕ್ಕೆ ಹಬ್ಬಿದೆ. ನಮ್ಮವರು ಅದಕ್ಕೆ ನವಿಲುಗರಿಯನ್ನೂ ಬೆಣ್ಣೆಯ ಗಡಿಗೆಯನ್ನೂ ಕೂಡಿಸಿದ್ದಾರೆ. ರುಚಿಯ ವಿಷಯದಲ್ಲಿ ನಾವು ವಾದಿಸುವುದಿಲ್ಲ. ಕ್ಷೇಮದ ವಿಷಯದಲ್ಲಿ ಸುಮ್ಮನಿರುವುದು ಸಾಧ್ಯವಿಲ್ಲ. ಎರಡು ಅಂಗೈಗಳ ಮೇಲೆ ಗಲ್ಲವನ್ನಿಟ್ಟುಕೊಂಡು ಕಪ್ಪೆಯಂತೆ ಕುಳಿತ ಹಸುಳೆಯ ಚಿತ್ರವನ್ನು ವಾಚಕರು ನೋಡಿರಬಹುದು. ಅಂಥ ಚಿತ್ರ ನಿಜದಲ್ಲಿ ಒಂದಲ್ಲ, ಎರಡು. ಒಂದರಲ್ಲಿ ಸಹಾಯಕರು ಕೂಸಿನ ತಲೆಯನ್ನು ಹಿಡಿದಿರುತ್ತಾರೆ. ಇನ್ನೊಂದರಲ್ಲಿ ಮುಂಗೈಗಳನ್ನು ಹಿಡಿದಿರುತ್ತಾರೆ. ಬಳಿಕ ಎರಡನ್ನೂ ಗಣಕಯಂತ್ರದಲ್ಲಿ ಬೆಸೆದು ಹಿಡಿದ ಕೈಗಳನ್ನು ಅಳಿಸಿಬಿಡುತ್ತಾರೆ. ನುರಿತವರು ಮಾಡುವ ಕ್ರಮವಿದು. ಈ ಗುಟ್ಟನ್ನರಿಯದ ಹೊಸಬನು ಮುಗಿದ ಚಿತ್ರವನ್ನಷ್ಟೇ ಕಂಡು, ಕೂಸನ್ನು ಹಾಗೆಯೇ ಕೂರಿಸಲು ಹೊರಟರೆ ಗತಿಯೇನು? ಹುಟ್ಟಿದ ಕೂಸಿನ ತಲೆಯು ದೇಹದ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು. ಅದನ್ನು ನಿಲ್ಲಿಸಿಕೊಳ್ಳುವ ಶಕ್ತಿ ಕತ್ತಿಗೆ ಬರಲು ಮೂರು ನಾಲ್ಕು ತಿಂಗಳು ಬೇಕು. ಗಲ್ಲವು ಎದೆಗೆ ಒತ್ತಿದರೆ ಉಸಿರಿನ ದಾರಿಯೇ ಕಿರಿದಾಗುತ್ತದೆ. ನಿದ್ದೆಯಲ್ಲಿರುವ ಕೂಸು ಇದನ್ನು ಅತ್ತು ತಿಳಿಸಲಾರದು.

ಈ ಉದ್ಯೋಗಕ್ಕೆ ನಮ್ಮಲ್ಲಿ ಪರೀಕ್ಷೆಯಿಲ್ಲ, ಪರವಾನಗಿಯಿಲ್ಲ. ಕ್ಯಾಮರಾ ಕೊಂಡವರೆಲ್ಲ ಫಲಕ ತೂಗಹಾಕಬಹುದು. ಆದ್ದರಿಂದ ಕೇಳಬೇಕಾದವರು ಹೆತ್ತವರೇ. ಕೂಸಿನ ಮೇಲೆ ಸದಾ ಒಬ್ಬರ ಕೈ ಇರುವುದೇ? ತೂಗುಬಿಡುವ ಜೋಳಿಗೆ, ಗಾಜಿನ ಪಾತ್ರೆಗಳ ಮಾತು ಬಂದರೆ ಬೇಡವೆನ್ನಲು ಸಂಕೋಚವೇಕೆ? ಕೈಕಾಲುಗಳ ಬಣ್ಣ ನೀಲಿಗೆ ತಿರುಗಿದರೆ ಆ ಕ್ಷಣವೇ ಬಿಡಿಸತಕ್ಕದ್ದು. ಹಾಲಿನ ಹೊತ್ತಾದರೆ ಚಿತ್ರವೇ ಕಾಯಬೇಕು, ಕೂಸಲ್ಲ. ಇನ್ನೊಂದು ಮಾತು. ಕೂಸು ಹೆಚ್ಚು ನಿದ್ರಿಸುವುದೆಂಬ ಕಾರಣಕ್ಕೆ ಮೊದಲ ಎರಡು ವಾರಗಳನ್ನೇ ಈ ವೃತ್ತಿಯವರು ಆರಿಸಿಕೊಳ್ಳುತ್ತಾರೆ. ನಾಯಿಕೆಮ್ಮಿನ ಮೊದಲ ಚುಚ್ಚುಮದ್ದು ಕೂಸಿಗೆ ಬೀಳುವುದು ಆರನೆಯ ವಾರದಲ್ಲಿ. ಕೆಮ್ಮು ನೆಗಡಿಯಿರುವ ಚಿತ್ರಗಾರನನ್ನು, ಅವನೆಷ್ಟೇ ಹೆಸರಾಂತವನಾಗಿರಲಿ, ಹೊಸಲಿನಿಂದಲೇ ಹಿಂದಕ್ಕೆ ಕಳುಹಿಸುವುದು ಮರ್ಯಾದೆಗೇಡಲ್ಲ. ಬಂದವನು ಸೋಪಿನಿಂದ ಕೈ ತೊಳೆದ ಮೇಲೆಯೇ ಕೋಣೆಗೆ ಹೋಗಲಿ. ಗಾಯವಿನ್ನೂ ಮಾಯದ ಬಾಣಂತಿಯನ್ನೂ ಹತ್ತು ದಿನದ ಕೂಸನ್ನೂ ಕಾರಿನಲ್ಲಿ ಕೂರಿಸಿ ಚಿತ್ರಶಾಲೆಗೆ ಕರೆದೊಯ್ಯುವುದನ್ನು ನಾವು ಸರ್ವಥಾ ಒಪ್ಪಲಾರೆವು. ಚಿತ್ರವೇ ಮನೆಗೆ ಬರಲಿ.

ಮನೆಗೆ ಬಂದ ಚಿತ್ರಗಾರನಿಗೆ ಬುಟ್ಟಿ ರೆಕ್ಕೆಗಳ ಅವಶ್ಯಕತೆಯೇ ಬೀಳುವುದಿಲ್ಲ. ಅವನ ಮುಂದೆ ಬೇಕಾದಷ್ಟಿದೆ. ಕಾಲು ಚಾಚಿ ಕುಳಿತು, ಕಣಕಾಲುಗಳ ನಡುವೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವ ಅಜ್ಜಿ. ಅವಳ ಮುಂಗೈಯ ನರಗಳು. ಹಂಡೆಯ ಬಿಸಿನೀರಿನ ಆವಿ. ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ. ಅತ್ತೆಯೋ ಚಿಕ್ಕಮ್ಮನೋ ಕಟ್ಟಿಕೊಟ್ಟ ಕುಲಾವಿ. ಗಲ್ಲದ ಮೇಲಿನ ದೃಷ್ಟಿಬೊಟ್ಟು. ತೊಟ್ಟಿಲ ಸರಪಳಿಯನ್ನು ಹಿಡಿದು, ತನ್ನ ರಾಜ್ಯ ಹೋಯಿತೆಂಬ ಮುಖದಿಂದ ನಿಂತ ಮೂರು ವರ್ಷದ ಅಣ್ಣ. (ಸಾಂಬ್ರಾಣಿಯ ಹೊಗೆಯೂ ಚಿತ್ರದಲ್ಲಿ ಚೆಲುವಾಗಿ ಬರುತ್ತದೆ, ಆದರೆ ಕೂಸಿನ ಶ್ವಾಸಕೋಶಕ್ಕೆ ಅದು ಹಿತವಲ್ಲವೆಂದು ವೈದ್ಯರು ಹೇಳುತ್ತಾರಾದ್ದರಿಂದ ಆ ಚೆಲುವನ್ನು ಬಿಡುವುದೇ ಲೇಸು.) ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶಿತವಾದವು. ಆ ಕನ್ನಡಿಗರು ಯಾವ ಕೂಸಿಗೂ ಕಿರೀಟ ತೊಡಿಸಿ ಆ ಕೀರ್ತಿಯನ್ನು ಪಡೆದವರಲ್ಲ.

ಚಿತ್ರಗಾರನನ್ನು ಕರೆಸುವ ಅನುಕೂಲವಿಲ್ಲದವರಿಗೆ ಕಿಟಕಿಯೊಂದೇ ಸಾಕು. ನೇರವಾದ ಬಿಸಿಲು ಬೀಳದ ಕಿಟಕಿಯ ಬಳಿ ಚಾಪೆ ಹಾಸಿ, ಬೆಳಕು ಕೂಸಿನ ನೆತ್ತಿಯ ಕಡೆಯಿಂದ ಓರೆಯಾಗಿ ಮುಖಕ್ಕೆ ಇಳಿಯುವಂತೆ ಮಲಗಿಸಬೇಕು. ಗಲ್ಲದ ಕಡೆಯಿಂದ ಮೇಲೇರಿದ ಬೆಳಕು ಮುಖವನ್ನು ವಿಕಾರಗೊಳಿಸುತ್ತದೆ. ಎದುರು ಬದಿಗೆ ಒಬ್ಬರು ಬಿಳಿಯ ಪಂಚೆಯನ್ನು ಬಿಡಿಸಿ ಹಿಡಿದರೆ ನೆರಳು ತಿಳಿಯಾಗುತ್ತದೆ. ಕೋಣೆಯ ಹಳದಿ ದೀಪವನ್ನು ಆರಿಸಬೇಕು. ಹಗಲಿನ ಬೆಳಕಿನೊಡನೆ ಅದು ಬೆರೆತರೆ ಮೈಬಣ್ಣ ಕೆಡುತ್ತದೆ.

ಹಿರಿಯರಿಂದ ಒಂದು ಆಕ್ಷೇಪಣೆ ಬರುವುದುಂಟು. ಎಳೆಗೂಸಿನ ಫೋಟೋ ತೆಗೆದರೆ ಆಯುಸ್ಸು ಕುಂದುವುದೆಂಬ ನಂಬಿಕೆ ಅವರದು. ಅವರನ್ನು ನಗೆಗೀಡುಮಾಡುವುದು ಸಲ್ಲದು. 1951ರ ಸುಮಾರಿಗೆ ಈ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 140ಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2023ರ ಲೆಕ್ಕದಲ್ಲಿ ಆ ಸಂಖ್ಯೆ 25ಕ್ಕೆ ಇಳಿದಿದೆ. ಏಳು ತೊಟ್ಟಿಲುಗಳಲ್ಲಿ ಒಂದು ಬರಿದಾಗುತ್ತಿದ್ದ ಕಾಲದ ಭಯವದು; ಕೂಸಿಗೆ ಹೆಚ್ಚು ಆಸೆಪಡಲೂ ಅಂಜುತ್ತಿದ್ದ ತಾಯಂದಿರು ಅದನ್ನು ಕಟ್ಟಿಕೊಂಡಿದ್ದರು. ಅಜ್ಜಿಯ ಮನಸ್ಸು ನೋಯುವುದಾದರೆ ನಾಮಕರಣದವರೆಗೆ ಕಾಯುವುದರಿಂದ ನಷ್ಟವೇನೂ ಇಲ್ಲ. ಫ್ಲಾಶಿನಿಂದ ಕಣ್ಣು ಹೋಗುವುದೆಂಬ ಅಂಜಿಕೆಗೆ ಮಾತ್ರ ವೈದ್ಯಶಾಸ್ತ್ರದ ಆಧಾರವಿಲ್ಲ. ಕಿಟಕಿಯ ಬೆಳಕಿರುವಾಗ ಅದರ ಗೊಡವೆಯೂ ಬೇಡ.

ಕೂಸು ಬೆಳೆದಂತೆ ಸಂಸಾರವೂ ಬೆಳೆಯುತ್ತದೆ. ಅಮೇರಿಕದ ನಿಕೊಲಸ್ ನಿಕ್ಸನ್ ಎಂಬವನು ತನ್ನ ಹೆಂಡತಿಯನ್ನೂ ಅವಳ ಮೂವರು ಸಹೋದರಿಯರನ್ನೂ 1975ರಿಂದ ತೊಡಗಿ ನಾಲ್ವತ್ತು ವರ್ಷಗಳಿಗೂ ಮೀರಿ, ವರ್ಷಕ್ಕೊಂದರಂತೆ, ಒಂದೇ ಸಾಲಿನ ಅನುಕ್ರಮದಲ್ಲಿ ನಿಲ್ಲಿಸಿ ಚಿತ್ರ ತೆಗೆದನು. ಬೇರೆ ಯಾವ ಚಮತ್ಕಾರವೂ ಅದರಲ್ಲಿಲ್ಲ. ನೋಡಿದವರ ಗಂಟಲು ಕಟ್ಟುತ್ತದೆ. ಪ್ರತಿ ಯುಗಾದಿಗೋ ದೀಪಾವಳಿಗೋ ಮನೆಯವರೆಲ್ಲ ಅದೇ ಜಗಲಿಯಲ್ಲಿ ಅದೇ ಅನುಕ್ರಮದಲ್ಲಿ ಕುಳಿತರೆ ನಮ್ಮ ಯಾವ ಸಂಸಾರಕ್ಕೆ ಇದು ಅಸಾಧ್ಯ? ಅಡಿಗೆಯ ಮನೆಯಲ್ಲಿರುವವರನ್ನು ಕರೆದು ಕೂರಿಸಿದ ಮೇಲೆಯೇ ಗುಂಡಿ ಒತ್ತಬೇಕೆಂಬ ಒಂದೇ ನಿಯಮ ಸಾಕು.

ತೆಗೆದ ಚಿತ್ರವನ್ನು ಊರೆಲ್ಲ ನೋಡುವಂತೆ ಹರಡುವ ಚಪಲದ ಬಗ್ಗೆ ಎರಡು ಮಾತು. 2023ರ ಅಂಕೀಯ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು ಹದಿನೆಂಟರ ಒಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಮುಖ್ಯವೆಂದಿದೆ. ಆ ಒಪ್ಪಿಗೆಯನ್ನು ಹೆತ್ತವರು ಕೂಸಿನ ಪರವಾಗಿ ಕೊಡುತ್ತಿದ್ದಾರೆಯೇ ಹೊರತು ತಮ್ಮ ಆಸ್ತಿಯೆಂದಲ್ಲ. ಬೆತ್ತಲೆ ಮೈಯ ಚಿತ್ರಗಳು ಮನೆಯೊಳಗೇ ಉಳಿಯಲಿ. ತನ್ನ ಜಾಹೀರಾತಿಗೆ ಚಿತ್ರವನ್ನು ಬಳಸಿಕೊಳ್ಳಲು ಚಿತ್ರಗಾರನು ಕರಾರಿನಲ್ಲಿ ಬರೆದುಕೊಂಡಿದ್ದರೆ, ರುಜು ಹಾಕುವ ಮುನ್ನ ಆ ವಾಕ್ಯವನ್ನು ಹೊಡೆದುಹಾಕಬಹುದು.

ಕೊನೆಯದಾಗಿ, ಫೋನು ಕೆಟ್ಟರೆ ಅಥವಾ ಗುಪ್ತಪದ ಮರೆತರೆ ಹತ್ತು ವರ್ಷಗಳ ಸಂಸಾರವೇ ಕಾಣೆಯಾಗುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಮಲೆನಾಡು ಕರಾವಳಿಗಳಲ್ಲಿ ಬೂಷ್ಟು ಹಿಡಿಯದಂತೆ ಒಣಗಿದ ಜಾಗದಲ್ಲಿಡಬೇಕು. ಅಂಟುಹಾಳೆಯ ಆಲ್ಬಮ್ಮುಗಳು ಚಿತ್ರವನ್ನು ಹಳದಿಗಟ್ಟಿಸುತ್ತವೆ. ಮೂಲೆಗೆ ಸಿಕ್ಕಿಸುವಂಥವೇ ಮೇಲು. ಪ್ರತಿಯೊಂದರ ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಊರು, ತಾರೀಖು, ಎಡದಿಂದ ಬಲಕ್ಕೆ ಹೆಸರುಗಳು. ಹಳೆಯ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಬಿದ್ದಿರುವ ಚಿತ್ರಗಳೂ ಪ್ರತಿ ಮನೆಯಲ್ಲಿವೆ. ಅವುಗಳಲ್ಲಿರುವವರನ್ನು ಗುರುತಿಸಬಲ್ಲ ಅಜ್ಜಿ ಇನ್ನೂ ಇದ್ದರೆ, ಈ ಭಾನುವಾರವೇ ಅವಳ ಪಕ್ಕದಲ್ಲಿ ಕುಳಿತು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.