ಶಬ್ದವಿಹಾರ: ಜೋಡು, ಸೀಸಕ, ಕಬುತೊ

2022ನೆಯ ಇಸವಿಯ ಫೆಬ್ರುವರಿ 27ರಿಂದ ಮಾರ್ಚ 10ರ ವರೆಗೆ ಬೆಳಗಾವಿಯಲ್ಲಿ ‘ಧರ್ಮ ಗಾರ್ಡಿಯನ್’ ಎಂಬ ಸಮರಾಭ್ಯಾಸವು ನಡೆಯಿತು. ಮರಾಠಾ ಲಘು ಪದಾತಿದಳದ 15ನೆಯ ಪಡೆಯೊಡನೆ ಜಪಾನದ 30ನೆಯ ಪದಾತಿದಳದವರು ಕೂಡಿದ್ದರು. ಈ ಜಪಾನೀ ಭೂಸೇನೆಯವರ 1988ರ ಮಾದರಿಯ ಶಿರಸ್ತ್ರಾಣಕ್ಕೆ ‘ತೆತ್ಸುಬೋ’, ಎಂದರೆ ಕಬ್ಬಿಣದ ಟೋಪಿ, ಎಂದು ಹೆಸರು. ಅದನ್ನು ಮಾಡಿದ್ದಾದರೋ ಕೃತ್ರಿಮ ನೂಲಿನಿಂದ! ವಸ್ತುವು ಬದಲಾದರೂ ಹೆಸರು ಬಿಡದು.

ಪೂರ್ವದಲ್ಲಿ ಅವರ ವೀರರು ಮೈಗೆ ತೊಡುತ್ತಿದ್ದುದು ‘ಯೊರೋಯಿ’, ತಲೆಗೆ ‘ಕಬುತೊ’. ಎರಡೂ ಕೂಡಿ ‘ಕಚ್ಚೂ’. ಕಬ್ಬಿಣದ ಇಲ್ಲವೆ ತೊಗಲಿನ ಚಿಕ್ಕ ಹಲ್ಲೆಗಳಿಗೆ ಮರದ ಹಾಲಿನ ಮೆರುಗನ್ನು ಬಳಿದು, ರೇಶಿಮೆಯ ಹುರಿಗಳಿಂದ ಸಾಲುಸಾಲಾಗಿ ಹೆಣೆಯುತ್ತಿದ್ದರು. ಮಳೆಯ ನಾಡಿನಲ್ಲಿ ತುಕ್ಕಿನ ಭಯವು ಶತ್ರುವಿನ ಭಯಕ್ಕಿಂತ ಕಡಿಮೆಯದಲ್ಲ.

ನಮ್ಮ ಹಳಗನ್ನಡದಲ್ಲಿ ಮೈಗೆ ಜೋಡು, ತಲೆಗೆ ಸೀಸಕ. ಇಂದು ಜೋಡೆಂದರೆ ಕಾಲ ಮೆಟ್ಟು. ಸೀಸಕವೆಂದರೆ ಸೀಸದ್ದೇನೋ ಎಂದು ಕೇಳುವರು. ಅದು ಸಂಸ್ಕೃತದ ಶೀರ್ಷಕದಿಂದ ಬಂದುದು. ಕವಚವೊಂದು ಮಾತ್ರ ದೇವರ ಕೋಣೆಯನ್ನು ಸೇರಿ, ಸ್ತೋತ್ರವಾಗಿ ಬಾಳಿಕೊಂಡಿರುವದು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಗೆ, ಖಾನಾಪುರದ ಮಲೆನಾಡಿನ ಮಳೆಗೆ, ಕಂಬಳಿಯ ಕೊಪ್ಪೆಯೂ ಬಿದಿರು-ಎಲೆಗಳ ಗೊರಬೂ ರೈತನ ಜೋಡು-ಸೀಸಕಗಳೇ ಸರಿ.

ನಮ್ಮ ಕಾಲದ ಸೀಸಕಕ್ಕೆ ಹೆಲ್ಮೆಟ್ಟೆಂದು ಹೆಸರು. ಖಾನಾಪುರದ ರಸ್ತೆಯಲ್ಲಿ ಅದನ್ನು ಮೊಳಕೈಗೆ ಬಳೆಯಂತೆ ತೊಟ್ಟು ಹೋಗುವವರನ್ನು ನಾವು ಕಂಡಿದ್ದೇವೆ. 1988ರ ಮೋಟಾರು ವಾಹನಗಳ ಕಾಯ್ದೆಯ 129ನೆಯ ಕಲಮು, 2019ರ ತಿದ್ದುಪಡಿಯಂತೆ, ರುಮಾಲು ಸುತ್ತಿದ ಸಿಖ್ಖರನ್ನುಳಿದು, ನಾಲ್ಕು ವರುಷ ದಾಟಿದ ಎಲ್ಲರಿಗೂ ಅದನ್ನು ವಿಧಿಸುತ್ತದೆ; ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕೆಂದೂ ಹೇಳುತ್ತದೆ. ಬರಿದೆ ತಲೆಯ ಮೇಲಿಟ್ಟುಕೊಂಡರೆ ಕಾಯ್ದೆಗೂ ಸಲ್ಲದು, ಬಿದ್ದಾಗ ತಲೆಗೂ ಸಲ್ಲದು.

ಗೆದ್ದ ಮೇಲೆಯೇ ಕಬುತೊದ ದಾರವನ್ನು ಬಿಗಿದುಕೊಳ್ಳಬೇಕೆಂದು ಜಪಾನೀಯರಲ್ಲೊಂದು ಗಾದೆಯಿದೆ. ನಾವಾದರೋ ಖಾನಾಪುರದಿಂದ ಮರಳುವಾಗ ಟಿಳಕವಾಡಿಯು ಕಂಡೊಡನೆ, ಮನೆ ಬಂದಿತೆಂದು ಪಟ್ಟಿಯನ್ನು ಸಡಿಲಿಸುತ್ತಿದ್ದೆವು. ಹಿಂದೆ ಕುಳಿತ ಮನೆಯವರು ಒಮ್ಮೆ, “ಇಲ್ಲಿಯ ಡಾಂಬರು ಮೆತ್ತಗಿದೆಯೇನು?” ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ, ಪಟ್ಟಿಯನ್ನು ಬಿಗಿದುಕೊಂಡೆವು.

ಮಕ್ಕಳಿಗೆ ದೊಡ್ಡವರ ಹೆಲ್ಮೆಟ್ಟನ್ನು ಹಾಕುವದು ಗಡಿಗೆಯನ್ನು ಬೋರಲು ಹಾಕಿದಂತೆ. ಕೊಳ್ಳುವಾಗ ಕೂಸನ್ನು ಅಂಗಡಿಗೆ ಕರೆದೊಯ್ದು, ಪಟ್ಟಿ ಕಟ್ಟಿ, ತಲೆಯನ್ನು ಅಲ್ಲಾಡಿಸಲು ಹೇಳಿ ನೋಡಿರಿ. ತಲೆ ತಿರುಗಿದರೂ ಹೆಲ್ಮೆಟ್ಟು ನಿಂತಲ್ಲೇ ನಿಂತರೆ ಚಿಕ್ಕದನ್ನು ಕೇಳಿರಿ.