ಕಬ್ಬಿನ ದುಡ್ಡು ಬಾರದಿದ್ದರೂ ಕಂತಿನ ವಾರ ಬರುತ್ತದೆ

ಹಳ್ಳಿಯವರು ಸಾಲದಲ್ಲಿ ಮುಳುಗುವುದು ಲೆಕ್ಕ ಬರೆಯದೆ ದುಂದು ಮಾಡುವುದರಿಂದ ಎಂಬ ಲೇಖನ ಓದಿದೆ. ಒಂದನೇ ತಾರೀಕು ಸಂಬಳ ಎಣಿಸುವವರ ಮಾತಿದು.

ನಮ್ಮ ಬೆಸಗರಹಳ್ಳಿ ಸುತ್ತಿನ ಬೆಳೆಗಾರರಿಗೆ ಕಬ್ಬಿನ ದುಡ್ಡು ಕಾಣುವುದು ವರ್ಷಕ್ಕೊಮ್ಮೆ. ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ಶೇ 15ರ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಆ ಬಡ್ಡಿ ಎಣಿಸಿಕೊಂಡ ರೈತನನ್ನು ನಾನಂತೂ ಕಂಡಿಲ್ಲ. ಹೆಂಗಸರ ಸಂಘದ ಕಿರುಸಾಲದ ಕಂತು ಮಾತ್ರ ವಾರ ತಪ್ಪುವುದಿಲ್ಲ. ಒಬ್ಬಳದು ಕಡಿಮೆ ಬಿದ್ದರೆ ಮಿಕ್ಕ ಹೆಂಗಸರು ಜಗಲಿಯಿಂದ ಏಳುವಂತಿಲ್ಲ; ಡೈರಿ ಬಟವಾಡೆಯ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಹಾಕುತ್ತಾರೆ. ಲೆಕ್ಕ ಬಾರದವರೇ ಇವರು?

ಬೀಗರೂಟಕ್ಕೆ ಸಾಲ ಎತ್ತುತ್ತೇವೆ, ಒಪ್ಪಿದೆ. ಆದರೆ ಕಿರುಸಾಲ ಪಡೆದ ಕುಟುಂಬದ ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಹಾಗಿದ್ದೂ ಒಂದೇ ಮನೆಗೆ ಮೂರನೆಯ, ನಾಲ್ಕನೆಯ ಸಾಲ ಕೊಟ್ಟವರ ಲೆಕ್ಕವನ್ನು ಲೇಖಕರು ಕೇಳುವುದೇ ಇಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನಮ್ಮ ಸೀರೆ ಖರ್ಚಿಗೆ ಕಡಿವಾಣ ಹಾಕಲಿಕ್ಕಲ್ಲ, ಬಲವಂತದ ವಸೂಲಿಗೆ.

ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲವಿದೆಯಲ್ಲ, ಎನ್ನಬಹುದು. ಇದೆ, 5 ಲಕ್ಷದವರೆಗೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಅದು ಸಿಗುವುದು ಹೇಗೆ? ಗುತ್ತಿಗೆಗೆ ಉಳುವವರಿಗಂತೂ ಪಹಣಿಯೇ ಇಲ್ಲ. ಲೇಖಕರು ಮುಂದಿನ ಲೇಖನವನ್ನು ತೀರಿಹೋದವರ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಬಗ್ಗೆ ಬರೆಯಲಿ, ಓದುತ್ತೇವೆ.