ಮೊದಲ ರೂಪಾಯಿ ಮಾಳಿಗೆಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು ಎಂಬ ಮಾತನ್ನು ಅವರು ಅದಕ್ಕೆ ಸೇರಿಸಲಿಲ್ಲ. ಆ ಕೆಲಸ ಅವರಿಗೆ ಗಾದೆಯಾಗುವಷ್ಟು ದೊಡ್ಡದಾಗಿ ತೋರದಿದ್ದೀತು. ಯುಗಾದಿ ಹತ್ತಿರ ಬಂದರೆ ಗೋಡೆಗೆ ಸುಣ್ಣ, ರೋಹಿಣಿ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು, ಹಬ್ಬ ಹಬ್ಬಕ್ಕೂ ನೆಲಕ್ಕೆ ಸಗಣಿಯ ಸಾರಣೆ. ಉತ್ತು ಬಿತ್ತುವ ಕೆಲಸಗಳಂತೆ ಇವೂ ವರ್ಷದ ಕೆಲಸಗಳಲ್ಲಿ ಸೇರಿಹೋಗಿದ್ದವು. ಇಂದು ಪಟ್ಟಣದಲ್ಲಿ ನೆಲಸಿರುವ ಎಷ್ಟೋ ಸಂಸಾರಗಳಿಗೆ ಊರಿನಲ್ಲಿ ಒಂದು ಹಳೆಯ ಮನೆಯುಂಟು. ಆ ಮನೆಯಲ್ಲಿ ವಯಸ್ಸಾದ ತಾಯಿಯೋ ತಂದೆಯೋ ಉಂಟು. ಮಾಳಿಗೆಗೆ ಮಣ್ಣು ಹಾಕುವ ಕೈಗಳು ಮಾತ್ರ ಊರಿನಲ್ಲಿಲ್ಲ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಇಂಥ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮುಂದೆ ಕೂಡುವ ಕಟ್ಟೆ. ಒಳಗೆ ಪಡಸಾಲೆ, ಅಡಿಗೆಮನೆ. ನೆತ್ತಿಯ ಮೇಲೊಂದು ಬೆಳಕಿಂಡಿ. ಮನೆಯಲ್ಲಿರುವವಳು ತಾಯಿಯೊಬ್ಬಳೇ. ದಾವಣಗೆರೆಯಲ್ಲಿ ನೌಕರಿಯಲ್ಲಿರುವ ಮಗ ಒಂದು ವಾರದ ರಜೆ ಹಾಕಿ, ಅರುವತ್ತು ಸಾವಿರ ರೂಪಾಯಿ ಕೂಡಿಸಿಕೊಂಡು, ಬೇಸಗೆಯಲ್ಲಿ ಊರಿಗೆ ಬರುತ್ತಾನೆ. ಹೊಸ ಮನೆ ಕಟ್ಟಿಸುವ ಶಕ್ತಿ ಅವನಿಗಿಲ್ಲ. ಇರುವ ಮನೆಯನ್ನಾದರೂ ಅಚ್ಚುಕಟ್ಟು ಮಾಡಬೇಕೆಂಬ ಆಸೆಯಿದೆ.

“ಅವ್ವಾ, ಮುಂದಿನ ಗ್ವಾಡಿಗೆ ಸಿಮೆಂಟ್ ಗಿಲಾವು ಮಾಡಿ ಬಣ್ಣಾ ಹಚ್ಚಿಬಿಡೂಣು. ಪಡಸಾಲಿಗೆ ಟೈಲ್ಸ್ ಹಾಕೂಣು. ಮನಿ ಹೊಸಾದ್ರಂಗ ಕಾಣತೈತಿ.”

“ಕಾಣೂದು ಹಂಗಿರಲಿ ತಮ್ಮಾ. ಮೊದಲ ಮ್ಯಾಲಿಂದು ಸೋರೂದು ನಿಲ್ಲಸು.”

ತಾಯಿಯ ಮಾತಿನಲ್ಲಿ ಮನೆ ದುರಸ್ತಿಯ ಶಾಸ್ತ್ರವೆಲ್ಲ ಅಡಗಿದೆ. ಕಡಿಮೆ ಹಣದಲ್ಲಿ ಮನೆಯನ್ನು ಸರಿಪಡಿಸಹೊರಡುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಕಣ್ಣಿಗೆ ಮೊದಲು ಕಾಣುವುದಕ್ಕೆ ಹಣ ಹಾಕುತ್ತಾರೆ. ಮನೆಯನ್ನು ಕೆಡಿಸುತ್ತಿರುವುದು ಹಾಗೆಯೇ ಉಳಿಯುತ್ತದೆ. ಮಣ್ಣಿನ ಮನೆಗೆ ಶತ್ರು ನೀರು. ಆ ನೀರು ಮೇಲಿನಿಂದ ಇಳಿಯುತ್ತದೆ, ಕೆಳಗಿನಿಂದ ಏರುತ್ತದೆ. ಈ ಎರಡು ದಾರಿಗಳನ್ನು ಕಟ್ಟಿದ ಮೇಲೆಯೇ ಉಳಿದ ಮಾತು.

ಇದು ಅಂದಚೆಂದದ ಪ್ರಶ್ನೆಯಷ್ಟೇ ಅಲ್ಲ. 2019ರ ಆಗಸ್ಟ್ ತಿಂಗಳ ಮಳೆ ಮತ್ತು ಪ್ರವಾಹದಲ್ಲಿ ಹಾವೇರಿ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಬಿದ್ದವು. ಪೂರ್ತಿ ಕುಸಿದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿಗಳ ನೆರವನ್ನು ಘೋಷಿಸಿತು. 2024ರ ಜುಲೈ ತಿಂಗಳಲ್ಲಿ ಇದೇ ಜಿಲ್ಲೆಯ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಒಬ್ಬ ಮಹಿಳೆಯೂ ಇಬ್ಬರು ಎಳೆಯ ಅವಳಿ ಮಕ್ಕಳೂ ತೀರಿಕೊಂಡರು. ನೆನೆದ ಗೋಡೆ ಬೀಳುವ ಮುನ್ನ ಎಲ್ಲರಿಗೂ ಕೇಳುವಂತೆ ಸಪ್ಪಳ ಮಾಡುವುದಿಲ್ಲ. ಆದರೆ ವಾರಗಳ, ವರ್ಷಗಳ ಮುಂಚೆಯೇ ಗುರುತುಗಳನ್ನು ತೋರಿಸುತ್ತಿರುತ್ತದೆ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಮನೆಯನ್ನು ಒಂದು ದಿನ ಸುಮ್ಮನೆ ನೋಡಬೇಕು.

ನೋಡುವುದು ಹೇಗೆ? ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಿಂದ ಆರಂಭಿಸಬೇಕು. ತೇವ ನಿಲ್ಲುವುದೂ ಗೆದ್ದಲು ಹಿಡಿಯುವುದೂ ಅಲ್ಲಿಯೇ. ಸುತ್ತಿಗೆಯಿಂದ ಮೆಲ್ಲನೆ ಬಡಿದರೆ ಗಟ್ಟಿ ಮರ ಗಟ್ಟಿ ಸದ್ದನ್ನೇ ಕೊಡುತ್ತದೆ. ಒಳಗೆ ಟೊಳ್ಳಾಗಿದ್ದರೆ ಸದ್ದು ಮಂಕಾಗುತ್ತದೆ. ದಬ್ಬಣ ಚುಚ್ಚಿದರೆ ಸಲೀಸಾಗಿ ಇಳಿಯುವ ಮರವನ್ನು ನಂಬಲಾಗದು. ಬಳಿಕ ಗೋಡೆಯ ಬಿರುಕುಗಳು. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಬೇಕು. ಮುಂದಿನ ಸಲ ಬಂದಾಗ ಬಿರುಕು ಗೆರೆಯನ್ನು ದಾಟಿದ್ದರೆ ಬುನಾದಿ ಇನ್ನೂ ಅಲುಗುತ್ತಿದೆಯೆಂದು ಅರ್ಥ. ಈ ತಾಲ್ಲೂಕಿನಲ್ಲಿ ಮಸಾರಿ ನೆಲವೂ ಉಂಟು, ಎರೆಯೂ ಉಂಟು. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ವರ್ಷವರ್ಷ ಅದರೊಡನೆ ಸ್ವಲ್ಪ ಅಲುಗುತ್ತದೆ. ಗೋಡೆ ಹೊಟ್ಟೆಯುಬ್ಬಿದಂತೆ ಹೊರಕ್ಕೆ ಬಂದಿದ್ದರೆ ಅಲ್ಲಿಗೆ ಮನೆಯವರ ಕೈಕೆಲಸ ಮುಗಿಯಿತು. ಅಲ್ಲಿಂದ ಮಗ್ಗುಲಿನ ಹಾಸಿಗೆಯನ್ನು ಅಂದೇ ತೆಗೆಯಿಸಿ, ಅನುಭವಸ್ಥ ಗೌಂಡಿಯನ್ನೋ ಇಂಜಿನಿಯರನ್ನೋ ಕರೆಸಬೇಕು.

ಈಗ ಮಾಳಿಗೆ. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಒತ್ತೊತ್ತಾಗಿ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ತುಳಿದು ಕೂಡಿಸಿದ ಮಣ್ಣು; ಹೀಗಿದೆ ಈ ಸೀಮೆಯ ಮೇಲ್ಮುದ್ದೆ ಮನೆಯ ರಚನೆ. ಎಲ್ಲಕ್ಕೂ ಮೇಲೆ ಹರಡುವುದು ಸವಳು ಮಣ್ಣು. ಬೆಳೆಗೆ ಬಾರದ ಈ ಮಣ್ಣನ್ನು ಹಿರಿಯರು ಮಾಳಿಗೆಗೆ ಆರಿಸಿಕೊಂಡದ್ದರಲ್ಲಿ ಜಾಣ್ಮೆಯಿದೆ. ಅದರಲ್ಲಿರುವ ಸೋಡಿಯಮ್ ಲವಣ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮಳೆ ಬಿದ್ದಾಗ ಆ ಸಣ್ಣ ಕಣಗಳು ಮಣ್ಣಿನ ರಂಧ್ರಗಳಲ್ಲಿ ಸೇರಿ ದಾರಿಯನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಹೊಲದಲ್ಲಿ ಬೇರಿಗೆ ನೀರು ಕೊಡದ ಅದೇ ಅವಗುಣ ಮಾಳಿಗೆಯ ಮೇಲೆ ಗುಣವಾಗುತ್ತದೆ.

ಆದರೆ ಇಲ್ಲಿಯೇ ಒಂದು ಅಪಾಯವೂ ಉಂಟು. ಸೋರಿದಲ್ಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತ ಹೋಗುವುದು ಹಲವರ ಅಭ್ಯಾಸ. ಹತ್ತಡಿ ಉದ್ದ, ಹತ್ತಡಿ ಅಗಲದ ಮಾಳಿಗೆಯ ಮೇಲೆ ಒಂದು ಅಂಗುಲ ಮಣ್ಣು ಹರಡಿದರೆ ಅದು 8 ಘನ ಅಡಿಗೂ ಮಿಗಿಲು. ಒಣಗಿದ್ದಾಗಲೇ ಅದರ ತೂಕ ಸುಮಾರು 350 ಕಿಲೋಗ್ರಾಮು. ಹತ್ತು ವರ್ಷ ಅಂಗುಲ ಅಂಗುಲವಾಗಿ ಸೇರಿದರೆ, ಮಳೆಗೆ ಕೊಚ್ಚಿಹೋದದ್ದನ್ನು ಕಳೆದರೂ, ಟನ್ನುಗಟ್ಟಲೆ ಭಾರ ಹಳೆಯ ಜಂತೆಗಳ ಮೇಲೆ ಕೂತಿರುತ್ತದೆ. ಅದು ನೆನೆದಾಗ ಭಾರ ಇನ್ನೂ ಹೆಚ್ಚು. ಆದುದರಿಂದ ಮೊದಲು ತೆಗೆಯಬೇಕು, ಆಮೇಲೆ ಹಾಕಬೇಕು. ಹುಲ್ಲನ್ನು ಬೇರುಸಹಿತ ಕಿತ್ತು, ಮೇಲಿನ ಸಡಿಲ ಮಣ್ಣನ್ನು ಹೆರೆದು ಇಳಿಸಿ, ಒಳಗಿನ ಕಟ್ಟಿಗೆ ಬಿಸಿಲಿಗೆ ಚೆನ್ನಾಗಿ ಒಣಗಿದ ಬಳಿಕವೇ ಹೊಸ ಮಣ್ಣು. ಭಾರ ಒಂದೇ ಕಡೆ ರಾಶಿಯಾಗದಂತೆ ಬುಟ್ಟಿಬುಟ್ಟಿಯಾಗಿ ಇಳಿಸುವುದು ಮೇಲು. ಬೇಕಾದರೆ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಬಹುದು. ಒದ್ದೆ ಕಟ್ಟಿಗೆಯ ಮೇಲೆ ಮಾತ್ರ ಹಾಸಬಾರದು, ಒಳಗಿನ ತೇವಕ್ಕೆ ಹೊರಬರುವ ದಾರಿ ಇಲ್ಲದಂತಾಗುತ್ತದೆ. ಮಾಳಿಗೆಯ ಓಟ ದೋಣಿಯ ಕಡೆಗಿರಬೇಕು. ದೋಣಿ ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಚಾಚಿರಬೇಕು. ಗಿಡ್ಡ ದೋಣಿಯಿಂದ ಸುರಿಯುವ ನೀರು ತನ್ನ ಮನೆಯ ಗೋಡೆಯನ್ನೇ ತೊಳೆಯುತ್ತದೆ.

ಗೆದ್ದಲು ತಿಂದ ಜಂತೆಯನ್ನು ಬದಲಿಸುವ ಕೆಲಸವನ್ನು ಬಡಿಗನಿಗೆ ಬಿಡಬೇಕು. ಕೆಳಗೆ ಆಸರೆಯ ಕಂಬ ಕೊಡದೆ ಒಂದು ಜಂತೆಯನ್ನೂ ಕೀಳಬಾರದು. ವಿದ್ಯುತ್ ತಂತಿಯ ಕೆಲಸವೂ ಹಾಗೆಯೇ. ಇವೆರಡರಲ್ಲಿ ಉಳಿಸಿದ ಕೂಲಿ ಉಳಿತಾಯವಲ್ಲ.

ಎರಡನೆಯದು ಗೋಡೆಯ ಬುಡ. ಹಳ್ಳಿಗಳಲ್ಲಿ ಕಾಂಕ್ರೀಟು ರಸ್ತೆಗಳು ಬಂದ ಮೇಲೆ ಎಷ್ಟೋ ಕಡೆ ಬೀದಿ ಎತ್ತರವಾಗಿ ಮನೆ ತಗ್ಗಿಗೆ ಬಿದ್ದಿದೆ. ಬೀದಿಯ ನೀರು ಕಟ್ಟೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಗೋಡೆಗೆ ಒರಗಿಸಿ ಪೇರಿಸಿದ ಮಣ್ಣು, ಕಸ, ಕಟ್ಟಿಗೆಗಳನ್ನು ಮೊದಲು ದೂರ ಸರಿಸಬೇಕು. ಬಳಿಕ ಗೋಡೆಯ ಉದ್ದಕ್ಕೂ ಎರಡು ಮೂರು ಅಡಿ ಅಗಲಕ್ಕೆ ನೆಲವನ್ನು ದಮ್ಮಸು ಮಾಡಿ, ಹೊರಕ್ಕೆ ಇಳಿಜಾರಾಗುವಂತೆ ಕಲ್ಲು ಹಾಸಿ, ಅದರಾಚೆ ಒಂದು ಸಣ್ಣ ಕಾಲುವೆ ತೆಗೆದರೆ ಸಾಕು. ಇದು ಮನೆಮಂದಿ ಎರಡು ದಿನದಲ್ಲಿ ಮಾಡಿಕೊಳ್ಳಬಹುದಾದ ಕೆಲಸ. ಬಚ್ಚಲ ನೀರು ಗೋಡೆಯ ಪಕ್ಕದಲ್ಲಿ ಇಂಗುತ್ತಿದ್ದರೆ ಅದನ್ನೂ ಕೊಳವೆಯಿಂದ ದೂರಕ್ಕೆ ಸಾಗಿಸಬೇಕು.

ಇನ್ನು ಮಗನಿಗೆ ಪ್ರಿಯವಾದ ಸಿಮೆಂಟ್ ಗಿಲಾವು. ಸಿಮೆಂಟು ಕೆಟ್ಟ ವಸ್ತುವಲ್ಲ. ಮಣ್ಣಿನ ಗೋಡೆಗೆ ಒಗ್ಗದ ವಸ್ತು, ಅಷ್ಟೆ. ಮಣ್ಣು ತೇವವನ್ನು ಹೀರುತ್ತದೆ, ಬಿಡುತ್ತದೆ. ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲಿನ ಸಿಮೆಂಟು ಬಿಗಿಯಾಗಿ ನಿಲ್ಲುತ್ತದೆ. ಬುಡದಿಂದ ಏರಿದ ತೇವ ಹೊರಗೆ ಆರದೆ ಒಳಗೇ ಉಳಿದು ಮಣ್ಣನ್ನು ಮೆತ್ತಗಾಗಿಸುತ್ತದೆ. ಹೊರಗೆ ಬಣ್ಣ ಹೊಸದಾಗಿರುವಾಗಲೇ ಒಳಗೆ ಗೋಡೆ ಸಡಿಲವಾಗಿರುತ್ತದೆ. ಕೊನೆಗೆ ಗಿಲಾವು ಹಪ್ಪಳದಂತೆ ಕಳಚಿ ಬೀಳುತ್ತದೆ, ಬೀಳುವಾಗ ಗೋಡೆಯ ಮಣ್ಣನ್ನೂ ಎಳೆದುಕೊಂಡು ಬರುತ್ತದೆ.

ಮಣ್ಣಿನ ಗೋಡೆಗೆ ಮಣ್ಣಿನ ಗಿಲಾವೇ ಸರಿ. ಯಾವ ಮಣ್ಣು ಎಂಬುದನ್ನು ತಿಳಿಯಲು ಒಂದು ಗಾಜಿನ ಶೀಸೆ ಸಾಕು. ಮೂರರಲ್ಲೊಂದು ಪಾಲು ಮಣ್ಣು ತುಂಬಿ, ನೀರು ಹಾಕಿ, ಒಂದು ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕುಲುಕಿ ಇಡಬೇಕು. ಉಸುಕು ಒಂದೆರಡು ನಿಮಿಷಗಳಲ್ಲಿ ತಳ ಸೇರುತ್ತದೆ; ನುಣುಪು ಮಣ್ಣು ಅದರ ಮೇಲೆ; ಜೇಡಿ ಕೂಡಲು ಒಂದು ದಿನವಾದರೂ ಬೇಕು. ಜೇಡಿಯ ಪದರವೇ ದಪ್ಪಗಿದ್ದರೆ ಆ ಮಣ್ಣು ಒಣಗಿದಾಗ ಬಿರಿಯುವುದು ಖಂಡಿತ, ಉಸುಕು ಬೆರೆಸಬೇಕು. ಎರೆಮಣ್ಣನ್ನು ಈ ಕೆಲಸಕ್ಕೆ ಬಳಸದಿರುವುದೇ ಲೇಸು. ಮಣ್ಣಿಗೆ ಹೊಟ್ಟನ್ನೋ ಕತ್ತರಿಸಿದ ಹುಲ್ಲನ್ನೋ ಸೇರಿಸಿ, ನೀರು ಹಾಕಿ ಒಂದು ವಾರ ಕೊಳೆಯಲು ಬಿಟ್ಟು, ಸಗಣಿ ಬೆರೆಸಿ ತುಳಿದರೆ ಗಿಲಾವಿನ ಕೆಸರು ಸಿದ್ಧ. ಆದ್ದರಿಂದ ಮಗ ಊರಿಗೆ ಬರುವ ವಾರಕ್ಕೆ ಮುಂಚೆಯೇ ತಾಯಿ ಮಣ್ಣು ನೆನೆಯಿಡಿಸಿರಬೇಕು. ಗೋಡೆಯ ಮರೆಯಲ್ಲೆಲ್ಲಾದರೂ ಒಂದಡಿ ಚೌಕಕ್ಕೆ ಬಳಿದು ಎರಡು ದಿನ ನೋಡಿದ ಬಳಿಕ ಮುಂದುವರಿಯುವುದು ಒಳ್ಳೆಯದು.

ಮೇಲೆ ಸುಣ್ಣ. ಗೋಡೆಯನ್ನು ನೀರಿನಿಂದ ತುಸು ತಣಿಸಿ ತೆಳುವಾಗಿ ಮೂರು ಸಲ ಬಳಿದರೆ, ದಪ್ಪಗೆ ಒಂದು ಸಲ ಬಳಿದುದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಮೆಲ್ಲಗೆ ಕಲ್ಲಾಗುವ ವಸ್ತು, ತೇವವನ್ನೂ ಹೊರಬಿಡುತ್ತದೆ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಕುದಿಯುತ್ತದೆ. ಆಗ ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಕನ್ನಡಕ, ಕೈಗೆ ಚೀಲ ಇರಲೇಬೇಕು.

ಅರುವತ್ತು ಸಾವಿರವನ್ನು ಹೇಗೆ ಹಂಚಬೇಕು? ಮಾಳಿಗೆಗೆ 25 ಸಾವಿರ. ಗೋಡೆಯ ಬುಡ ಮತ್ತು ನೀರಿನ ದಾರಿಗೆ 12 ಸಾವಿರ. ಗಿಲಾವು, ಸುಣ್ಣಕ್ಕೆ 8 ಸಾವಿರ. ಗುದ್ದಲಿ, ಕರಣೆ, ಬುಟ್ಟಿ, ಏಣಿ ಮುಂತಾದವಕ್ಕೆ 3 ಸಾವಿರ. ಉಳಿದ 12 ಸಾವಿರವನ್ನು ಮುಟ್ಟಬಾರದು. ಹಳೆಯ ಮನೆಯಲ್ಲಿ ಒಂದನ್ನು ತೆರೆದರೆ ಇನ್ನೊಂದು ಕಾಣಿಸಿಕೊಳ್ಳುತ್ತದೆ. ಐದರಲ್ಲೊಂದು ಪಾಲು ಕೈಯಲ್ಲಿಲ್ಲದೆ ಆರಂಭಿಸುವುದು ಅರ್ಧಕ್ಕೆ ನಿಲ್ಲಿಸಲು ಆರಂಭಿಸಿದಂತೆ. ದರಗಳು ಊರಿಂದೂರಿಗೆ ಬೇರೆಯಾದಾವು, ಕ್ರಮ ಬದಲಾಗದು. ಈ ಲೆಕ್ಕದಲ್ಲಿ ಟೈಲ್ಸ್‌ಗೆ ಸ್ಥಳವಿಲ್ಲವೆಂಬುದನ್ನು ವಾಚಕರು ಗಮನಿಸಿರಬೇಕು.

ಮಣ್ಣಿನ ಮನೆಯೆಂದರೆ ಬಡತನದ ಗುರುತು ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಮಣ್ಣಿಗೆ ಅಲ್ಪಪ್ರಮಾಣದ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳ ಬಗೆಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿತು. ಕೇರಳದಲ್ಲಿ ನೆಲಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆಗಳಿಗೇ ತಮ್ಮ ಆಯುಷ್ಯವನ್ನು ಮೀಸಲಿಟ್ಟರು. 1990ರಲ್ಲಿ ಪದ್ಮಶ್ರೀ ಪಡೆದರು. ಆಫ್ರಿಕದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ದೊಡ್ಡದೊಂದು ಮಣ್ಣಿನ ಮಸೀದಿಯಿದೆ. ಇಂದಿನ ಕಟ್ಟಡ 1907ರದು. ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ, ಹಬ್ಬದಂತೆ, ಅದಕ್ಕೆ ಹೊಸದಾಗಿ ಮಣ್ಣು ಮೆತ್ತುತ್ತದೆ. ಆ ಒಂದು ದಿನದ ಕೆಲಸದಿಂದಲೇ ಆ ಗೋಡೆಗಳು ನೂರು ವರ್ಷ ದಾಟಿ ನಿಂತಿವೆ.

ಮೇಡ್ಲೇರಿಯ ಮನೆಗೂ ಅದೇ ನಿಯಮ. ವಾರ ಮುಗಿಯುವ ಹೊತ್ತಿಗೆ ಮಾಳಿಗೆ ಹಗುರಾಗಿದೆ, ದೋಣಿ ಉದ್ದವಾಗಿದೆ, ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಬೀದಿಯವರು ನಿಂತು ನೋಡುವಂಥ ಬದಲಾವಣೆ ಏನೂ ಆಗಿಲ್ಲ. ಮಗನ ಅಂಗೈಯಲ್ಲಿ ಗುಳ್ಳೆಗಳೆದ್ದಿವೆ.

“ಇಷ್ಟಕ್ಕ ಮುಗೀತೇನ್ ಅವ್ವಾ?”

“ಈ ವರ್ಷದ್ದು ಮುಗೀತು. ಬರೂ ವರ್ಷ ರೋಹಿಣಿಗಿಂತ ಮುಂಚೆ ಬಾ.”

ಲೆಕ್ಕದ ಪಟ್ಟಿಯಲ್ಲಿ ಬರೆಯದೆ ಬಿಟ್ಟ ಬಾಬತ್ತು ಇದೊಂದೇ. ಮಣ್ಣಿನ ಮನೆ ಹಣವನ್ನು ಹೆಚ್ಚು ಕೇಳುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಕೇಳುತ್ತದೆ. ಆ ನಾಲ್ಕು ದಿನ ಕೊಡಲಾಗದವರು ಮನೆಯ ಮೇಲೆ ಎಷ್ಟು ಹಣ ಸುರಿದರೂ ಅದು ನಿಲ್ಲುವುದು ಕಷ್ಟ. ಕೊಡಬಲ್ಲವರ ತಾಯಂದಿರು ಮೃಗಶಿರ ಮಳೆಯ ರಾತ್ರಿ ಪಡಸಾಲೆಯಲ್ಲಿ ಸೋರುವಲ್ಲಿಗೆ ಪಾತ್ರೆ ಇಡಲು ಏಳಬೇಕಾಗಿಲ್ಲ.